ಅಟ್ಟಣೆಯಿಂದ ಸಫಾರಿ ಜೀಪಿನವರೆಗೆ

ಅಮೆರಿಕದ ಅಧ್ಯಕ್ಷಗಿರಿ ಮುಗಿಸಿ ಕೆಲವೇ ವಾರಗಳಾಗಿದ್ದವು. 1909ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಮಗ ಕೆರ್ಮಿಟ್‌ನನ್ನು ಕಟ್ಟಿಕೊಂಡು ಮೊಂಬಾಸಾ ಬಂದರಿನಲ್ಲಿ ಇಳಿದ. ಮರುವರ್ಷ ಊರಿಗೆ ಹೊರಡುವ ಹೊತ್ತಿಗೆ ಅಪ್ಪ–ಮಗ ಸೇರಿ ಹೊಡೆದುರುಳಿಸಿದ್ದ ಪ್ರಾಣಿಗಳು 512. ಸ್ಮಿತ್‌ಸೋನಿಯನ್ ಸಂಸ್ಥೆಗೆ ಮಾದರಿ ಸಂಗ್ರಹಿಸುತ್ತೇವೆ ಎನ್ನುವ ನೆಪವಿತ್ತು; ಅದು ಪೂರ್ತಿ ಸುಳ್ಳೂ ಅಲ್ಲ. ಆ ಯಾತ್ರೆಯ ಸುದ್ದಿಗಳೊಂದಿಗೆ ‘ಸಫಾರಿ’ ಎಂಬ ಸ್ವಾಹಿಲಿ ಮಾತೂ ಊರೂರು ಸುತ್ತಿತು. ಸ್ವಾಹಿಲಿಯಲ್ಲಿ ಅದಕ್ಕೆ ಪ್ರಯಾಣ ಎಂದಷ್ಟೇ ಅರ್ಥ. ನಮ್ಮ ಕಿವಿಗೆ ಹಳೆಯದಾದ ‘ಸಫರ್’ಗೂ ಅದಕ್ಕೂ ಅರಬ್ಬಿಯೇ ತವರುಮನೆ.

ಈಗ ಕಾಡು ನೋಡಲು ಹೊರಡುವವರ ಹೆಗಲಲ್ಲಿ ಕೋವಿ ಇಲ್ಲ. ಆದರೆ ಈ ಪ್ರವಾಸದ ನಡೆ, ನುಡಿ, ಚಟ ಎಲ್ಲವೂ ಶಿಕಾರಿಯಿಂದ ಬಂದ ಬಳುವಳಿ. ಪ್ರವಾಸಿ ಕಂಪನಿಗಳು ಮೆರೆಸುವ ‘ಬಿಗ್ ಫೈವ್’ ಪಟ್ಟಿಯನ್ನೇ ನೋಡಿ: ಸಿಂಹ, ಚಿರತೆ, ಆನೆ, ಖಡ್ಗಮೃಗ, ಕಾಡೆಮ್ಮೆ. ಕಾಲ್ನಡಿಗೆಯ ಬೇಟೆಗಾರನಿಗೆ ಅತಿ ಅಪಾಯಕಾರಿ ಯಾವುವು ಎಂದು ಬೇಟೆಗಾರರೇ ಮಾಡಿಕೊಂಡ ಪಟ್ಟಿ ಅದು. ಪಾಪ, ಜಿರಾಫೆ ಮೇಲೆ ಬೀಳುವ ಪ್ರಾಣಿಯಲ್ಲ, ಆದ್ದರಿಂದ ಪಟ್ಟಿಯಲ್ಲೂ ಇಲ್ಲ.

ನೋಡುವುದಕ್ಕೆಂದೇ ದುಡ್ಡು ಕೊಟ್ಟು ಹೋಗುವ ರೂಢಿ ನಿಧಾನವಾಗಿ ಬೆಳೆಯಿತು. ದಕ್ಷಿಣ ಆಫ್ರಿಕದ ಕ್ರೂಗರ್ 1926ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 1927ರಲ್ಲಿ ಪ್ರವಾಸಿಗರಿಗೆ ಬಾಗಿಲು ತೆರೆದಾಗ ಆ ವರ್ಷ ಒಳಗೆ ಹೋದದ್ದು ಮೂರೇ ಕಾರು. 1932ರಲ್ಲಿ ಕೀನ್ಯಾದ ಅಬರ್‌ಡೇರ್ ಕಾಡಿನಲ್ಲಿ ಮರದ ಮೇಲೆ ‘ಟ್ರೀಟಾಪ್ಸ್’ ಎಂಬ ಪುಟ್ಟ ವಸತಿ ಎದ್ದಿತು. ಅದು ಶಿಕಾರಿಯ ಅಟ್ಟಣೆಯೇ. ಹಾಸಿಗೆ, ಚಹಾ ಹೆಚ್ಚುವರಿ. ಕೆಳಗಿನ ನೀರಿನ ಹೊಂಡಕ್ಕೆ ರಾತ್ರಿ ಬರುವ ಆನೆ, ಖಡ್ಗಮೃಗಗಳನ್ನು ಅತಿಥಿಗಳು ಉಸಿರು ಬಿಗಿಹಿಡಿದು ನೋಡುತ್ತಿದ್ದರು. 1952ರ ಫೆಬ್ರುವರಿಯಲ್ಲಿ ಅಲ್ಲಿ ತಂಗಿದ್ದ ರಾಜಕುಮಾರಿ ಎಲಿಜಬೆತ್, ತಂದೆ ತೀರಿಕೊಂಡದ್ದರಿಂದ ಆ ರಾತ್ರಿಯೇ ರಾಣಿಯಾದಳು. ಜೊತೆಯಲ್ಲಿದ್ದ ಮುದುಕ ಯಾರು ಗೊತ್ತೇ? ಕುಮಾವೂನಿನ ನರಭಕ್ಷಕಗಳನ್ನು ಹೊಡೆದ ಜಿಮ್ ಕಾರ್ಬೆಟ್. ಹೊಡೆಯುವ ಕಾಲ ಮುಗಿದು ನೋಡುವ ಕಾಲ ಬಂದದ್ದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಹೊಳೆಯುವುದಿಲ್ಲ. ಎರಡೇ ವರ್ಷಕ್ಕೆ ಮೌ ಮೌ ಬಂಡಾಯಗಾರರು ಆ ಮನೆಯನ್ನು ಸುಟ್ಟರು. ಕೀನ್ಯಾ ಬೇಟೆಯನ್ನು ಪೂರ್ತಿ ನಿಷೇಧಿಸಿದ್ದು 1977ರಲ್ಲಿ.

ನಮ್ಮ ಕಬಿನಿಯದೂ ಇಂಥದೇ ಕಥೆ. ಕಾಕನಕೋಟೆಯ ಖೆಡ್ಡಾ ಆನೆ ಹಿಡಿಯುವ ಕೆಲಸವಾಗಿತ್ತು, ಮೈಸೂರು ಅರಸರ ಅತಿಥಿಗಳಿಗೆ ಅದೇ ದೊಡ್ಡ ತಮಾಷೆಯೂ ಆಗಿತ್ತು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಅದರ ಮರುವರ್ಷ ಹುಲಿ ಯೋಜನೆ ಬಂದವು. ಯೋಜನೆಯ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. 1980ರಲ್ಲಿ ಸರ್ಕಾರ ಜಂಗಲ್ ಲಾಡ್ಜಸ್ ಸಂಸ್ಥೆ ಕಟ್ಟಿದಾಗ ನೇಪಾಳದ ಚಿತ್ವನ್‌ನಲ್ಲಿ ಹೆಸರು ಮಾಡಿದ್ದ ಟೈಗರ್ ಟಾಪ್ಸ್ ಜೊತೆಗೂಡಿತು. ಕಬಿನಿಯ ಬಿಡಾರಕ್ಕೆ ಅರಸರ ಹಳೆಯ ಬೇಟೆ ಬಂಗಲೆಯೇ ತಳಹದಿ. ಅದನ್ನು ಬೆಳೆಸಿದ ಕರ್ನಲ್ ಜಾನ್ ವೇಕ್‌ಫೀಲ್ಡ್ ಸ್ವತಃ ಶಿಕಾರಿಯಾಗಿದ್ದವರು. ಹೆಜ್ಜೆಗುರುತು ಓದುವುದು, ಮುಸುವನ ಕೂಗಿಗೆ ಕಿವಿಗೊಡುವುದು, ಗಾಳಿ ನೋಡಿ ನಿಲ್ಲುವುದು: ಶಿಕಾರಿಯ ವಿದ್ಯೆ ಹಾಗೆಯೇ ಜೀಪಿನ ಚಾಲಕನಿಗೆ ದಾಟಿತು. ಜೊತೆಗೆ ಗುರಿ ಸಿಗದಿದ್ದರೆ ಮುಖ ಸಪ್ಪೆಯಾಗುವ ರೋಗವೂ ದಾಟಿತು, ಅದು ಜೀಪಿನ ಹಿಂದಿನ ಸೀಟಿಗೆ.

ಈ ರೋಗಕ್ಕೆ ಮದ್ದು ಹುಡುಕಿದವರೂ ಇದ್ದಾರೆ. ಗಲಪಗಾಸ್ ದ್ವೀಪಗಳಲ್ಲಿ 1960ರ ದಶಕದ ಕೊನೆಯಲ್ಲಿ ಹಡಗಿನ ಪ್ರವಾಸ ಆರಂಭವಾಯಿತು. ಅಲ್ಲಿ ಪರವಾನಗಿಯ ಮಾರ್ಗದರ್ಶಿ ಜೊತೆಗಿರಬೇಕು, ಕಾಲುದಾರಿ ಬಿಡಬಾರದು. 1966ರಲ್ಲಿ ಲಾರ್ಸ್ ಎರಿಕ್ ಲಿಂಡ್‌ಬ್ಲಾಡ್ ಪ್ರವಾಸಿಗರನ್ನು ಅಂಟಾರ್ಕ್ಟಿಕಾಗೆ ಕರೆದೊಯ್ದ. ಈಗ ಅಲ್ಲಿ ಒಂದು ಜಾಗಕ್ಕೆ ಒಮ್ಮೆಗೆ ನೂರು ಜನರಿಗಿಂತ ಹೆಚ್ಚು ಇಳಿಯುವಂತಿಲ್ಲ. ಹಾಗಿದ್ದೂ ಒಂದು ಋತುವಿಗೆ ಹೋಗುವವರ ಸಂಖ್ಯೆ ಲಕ್ಷ ದಾಟಿದೆ ಎನ್ನುವುದು ಬೇರೆ ಮಾತು.

ಎಲ್ಲಕ್ಕಿಂತ ಗಟ್ಟಿ ಪ್ರಯೋಗ ರುವಾಂಡಾದ್ದು. 1967ರಿಂದ ಅಲ್ಲಿ ಬೆಟ್ಟದ ಗೊರಿಲ್ಲಾಗಳ ನಡುವೆ ಬಾಳಿದ ಡಯಾನ್ ಫಾಸಿಗೆ ಪ್ರವಾಸಿಗರೆಂದರೆ ಆಗುತ್ತಿರಲಿಲ್ಲ. ಆದರೆ ಗೊರಿಲ್ಲಾಗಳಿದ್ದ ಉದ್ಯಾನದ ಒಂದು ಪಾಲನ್ನು ದನದ ಹುಲ್ಲುಗಾವಲು ಮಾಡುವ ಯೋಜನೆ ಸರ್ಕಾರದ ಮುಂದೆ ಬಂದಾಗ, ಗೊರಿಲ್ಲಾಗಳು ದನಕ್ಕಿಂತ ಹೆಚ್ಚು ಸಂಪಾದಿಸಬಲ್ಲವು ಎಂದು ತೋರಿಸುವುದೇ ಉಳಿದ ದಾರಿ ಎಂದವರು ಸಂಶೋಧಕರಾದ ಬಿಲ್ ವೆಬರ್ ಮತ್ತು ಏಮಿ ವೆಡರ್. 1979ರಲ್ಲಿ ಆ ಕೆಲಸ ಶುರುವಾಯಿತು. ಒಂದು ಗೊರಿಲ್ಲಾ ಕುಟುಂಬಕ್ಕೆ ದಿನಕ್ಕೆ ಎಂಟೇ ಜನ, ಒಂದೇ ಗಂಟೆ; ನೆಗಡಿ ಇದ್ದವರಿಗೆ ಪ್ರವೇಶವಿಲ್ಲ, ಮನುಷ್ಯನ ನೆಗಡಿ ಗೊರಿಲ್ಲಾಗೂ ಅಂಟುತ್ತದೆ. 2017ರಿಂದ ಆ ಒಂದು ಗಂಟೆಯ ಬೆಲೆ 1,500 ಡಾಲರ್. ಉದ್ಯಾನಗಳ ಪ್ರವಾಸಿ ಆದಾಯದಲ್ಲಿ ಶೇ. 10 ಸುತ್ತಲಿನ ಊರುಗಳಿಗೆ ಹೋಗುತ್ತದೆ. 1981ರಲ್ಲಿ ವಿರುಂಗಾ ಬೆಟ್ಟಸಾಲಿನಲ್ಲಿ ಎಣಿಕೆಗೆ ಸಿಕ್ಕಿದ್ದ ಗೊರಿಲ್ಲಾಗಳು 254, 2016ರ ಹೊತ್ತಿಗೆ 604. ನಡುವೆ ಒಂದು ನರಮೇಧವೂ ಆ ದೇಶವನ್ನು ಹಾದುಹೋಗಿತ್ತು. ಬೆಲೆ ಸಾಮಾನ್ಯರಿಗೆ ಎಟುಕದು, ಅದು ನಿಜವಾದ ದೂರು. ಆದರೂ ನನ್ನ ಮಟ್ಟಿಗೆ ಈ ಕ್ಷೇತ್ರದಲ್ಲಿ ಸರಿದಾರಿ ಹಿಡಿದವರು ಅವರೇ.

ಯಾಕೆಂದರೆ ಮಿಕ್ಕೆಡೆ ಕಾಡಂಚಿನವರಿಗೆ ದಕ್ಕಿದ್ದು ಕಡಿಮೆ. ಸೆರೆಂಗೆಟಿ ಸಿದ್ಧವಾದದ್ದು ಮಾಸಾಯಿಗಳನ್ನು ಹೊರಗಿಟ್ಟು. ನಾಗರಹೊಳೆಯಿಂದ ಜೇನುಕುರುಬರನ್ನು ಒಕ್ಕಲೆಬ್ಬಿಸಿ, ಅದೇ ಕಾಡಿನೊಳಗೆ ಐಷಾರಾಮಿ ಹೋಟೆಲು ಎಬ್ಬಿಸಲು ಹೊರಟಾಗ ಆದಿವಾಸಿಗಳು ಬೀದಿಗಿಳಿದರು; 1997ರಲ್ಲಿ ಹೈಕೋರ್ಟ್ ಅದನ್ನು ತಡೆಯಿತು. 2012ರಲ್ಲಿ ಸುಪ್ರೀಂ ಕೋರ್ಟ್ ದೇಶದ ಹುಲಿ ಕಾಡುಗಳ ಒಡಲಲ್ಲಿ ಪ್ರವಾಸವನ್ನು ಕೆಲ ತಿಂಗಳು ನಿಲ್ಲಿಸಿ, ಮಾರ್ಗಸೂಚಿ ಬಂದ ಮೇಲೆ ಬಿಟ್ಟಿತು. 2025ರ ನವೆಂಬರ್‌ನಲ್ಲಿ ಹುಲಿ ದಾಳಿಗೆ ರೈತರು ಬಲಿಯಾದಾಗ ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನು ರಾಜ್ಯ ಸರ್ಕಾರವೇ ನಿಲ್ಲಿಸಬೇಕಾಯಿತು. ಜೀಪುಗಳ ಕಾಟಕ್ಕೆ ಹುಲಿ ಹೊಲಕ್ಕೆ ಬರುತ್ತಿದೆ ಎನ್ನುವುದು ರೈತರ ದೂರು. ಅದು ಎಷ್ಟು ಸರಿ ಎಂಬ ವಾದ ಇರಲಿ, ಸಫಾರಿಯಿಂದ ತನಗೂ ನಾಲ್ಕು ಕಾಸು ಬರುವ ಊರಿನವನು ಆ ಮಾತನ್ನು ಅಷ್ಟು ಸಿಟ್ಟಿನಿಂದ ಆಡಲಾರ.

ಕಬಿನಿಯಿಂದ ಬಂದವರನ್ನು ಕಂಡ ಕೂಡಲೇ ‘ಹುಲಿ ಕಾಣಿಸ್ತಾ?’ ಎಂದು ಕೇಳುವುದನ್ನು ದಯವಿಟ್ಟು ಬಿಡಿ. ಆ ಪ್ರಶ್ನೆಗೆ ಉತ್ತರ ಒದಗಿಸಲೆಂದೇ ಚಾಲಕ ಜೀಪನ್ನು ಇನ್ನೂ ನಾಲ್ಕು ಗಜ ಮುಂದಕ್ಕೆ ಬಿಡುವುದು.