ಮದ್ಯವ್ಯಸನದ ಮರುಕಳಿಕೆ: ಅಪಾಯಾಂಶಗಳ ಅರಿವಿನ ಇತಿಹಾಸ

ಕುಡಿತ ಬಿಟ್ಟವರು ಕೆಲಕಾಲದ ಮೇಲೆ ಮತ್ತೆ ಹಳೆಯ ಚಟಕ್ಕೆ ಮರಳುವುದನ್ನು ವೈದ್ಯಶಾಸ್ತ್ರದಲ್ಲಿ ಮರುಕಳಿಕೆ ಎನ್ನುತ್ತಾರೆ. ಅಮೆರಿಕದ ಬೆಂಜಮಿನ್ ರಷ್ 1784ರಲ್ಲಿ, ಸ್ಕಾಟ್ಲೆಂಡಿನ ಥಾಮಸ್ ಟ್ರಾಟರ್ 1804ರಲ್ಲಿ ಅತಿಕುಡಿತವನ್ನು ರೋಗವೆಂದು ವಿವರಿಸಿದ್ದರೂ, ಬಿಟ್ಟವರು ಮತ್ತೆ ಕುಡಿದಾಗ ಅದನ್ನು ಮನೋದೌರ್ಬಲ್ಯವೆಂದು ಹಳಿಯುವ ರೂಢಿ ಬಹುಕಾಲ ಉಳಿಯಿತು.

ಒಂಟಿತನ, ಸೋಲು ಮತ್ತು ಮದ್ಯದ ಸಾಮೀಪ್ಯ ಒಟ್ಟಾದಾಗ ಅಪಾಯ ಹೇಗೆ ಹೆಚ್ಚುತ್ತದೆ ಎಂಬುದನ್ನು 1935ರ ಮೇ ತಿಂಗಳ ಒಂದು ಪ್ರಸಂಗ ತೋರಿಸುತ್ತದೆ. ಓಹಾಯೋ ರಾಜ್ಯದ ಆಕ್ರನ್ ನಗರದಲ್ಲಿ ವ್ಯವಹಾರ ಕೈಕೊಟ್ಟು ಹೋಟೆಲಿನ ಮೊಗಸಾಲೆಯಲ್ಲಿ ನಿಂತಿದ್ದ, ಆಗಷ್ಟೇ ಕುಡಿತ ಬಿಟ್ಟಿದ್ದ ಬಿಲ್ ವಿಲ್ಸನ್, ಬಾರಿನತ್ತ ಎಳೆಯುತ್ತಿದ್ದ ಮನಸ್ಸನ್ನು ತಡೆದು ದೂರವಾಣಿಯ ಮೊರೆಹೊಕ್ಕು, ತನ್ನಂತೆಯೇ ಬಳಲುತ್ತಿದ್ದ ವೈದ್ಯ ಬಾಬ್ ಸ್ಮಿತ್ ಅವರನ್ನು ಭೇಟಿಯಾದರು; ಆಲ್ಕೋಹಾಲಿಕ್ಸ್ ಅನಾನಿಮಸ್ ಎಂಬ ಪರಸ್ಪರ ನೆರವಿನ ಕೂಟ ಹುಟ್ಟಿದ್ದು ಆ ಭೇಟಿಯಿಂದ.

ವೈಜ್ಞಾನಿಕ ವಿವರಣೆ ಮುಂದಿನ ದಶಕಗಳಲ್ಲಿ ರೂಪುಗೊಂಡಿತು. ಕುಡಿತದೊಡನೆ ಬೆಸೆದುಕೊಂಡ ಜಾಗ, ವಾಸನೆ, ಗೆಳೆಯರ ಗುಂಪು ಮುಂತಾದ ಸೂಚನೆಗಳು ವರ್ಷಗಳ ನಂತರವೂ ಕಡುಬಯಕೆಯನ್ನು, ಅಂದರೆ ತಡೆಯಲಾಗದ ಹಂಬಲವನ್ನು, ಕೆರಳಿಸಬಲ್ಲವೆಂದು ಅಬ್ರಹಾಂ ವಿಕ್ಲರ್ ಮತ್ತು ಆರ್ನಲ್ಡ್ ಲುಡ್ವಿಗ್ 1974ರಲ್ಲಿ ವಾದಿಸಿದರು. ಅದಕ್ಕೂ ಮುನ್ನ, 1971ರಲ್ಲಿ, ಹಂಟ್ ಮತ್ತು ಸಂಗಡಿಗರು ಮದ್ಯ, ತಂಬಾಕು, ಹೆರಾಯಿನ್ ಮೂರರಲ್ಲೂ ಹೆಚ್ಚಿನ ಮರುಕಳಿಕೆಗಳು ಬಿಟ್ಟ ಮೊದಲ ಮೂರು ತಿಂಗಳಲ್ಲೇ ಆಗುವುದನ್ನು ತೋರಿಸಿದ್ದರಿಂದ, ಆರಂಭದ ದಿನಗಳ ಆರೈಕೆಯ ಮಹತ್ವ ಸ್ಪಷ್ಟವಾಯಿತು.

ಅಲನ್ ಮಾರ್ಲಾಟ್ ಮತ್ತು ಜುಡಿತ್ ಗಾರ್ಡನ್ 1985ರ ಗ್ರಂಥದಲ್ಲಿ ಅಪಾಯದ ಸನ್ನಿವೇಶಗಳನ್ನು ವಿಂಗಡಿಸಿದರು. ಬೇಸರ, ಸಿಟ್ಟು, ಆತಂಕಗಳಂಥ ಮನಃಸ್ಥಿತಿ, ಆಪ್ತರೊಡನೆ ಜಗಳ, ಜೊತೆಗಾರರ ಒತ್ತಾಯ ಈ ಮೂರೇ ಬಹುಪಾಲು ಮರುಕಳಿಕೆಗಳಿಗೆ ಕಾರಣವೆಂದು ಅವರು ಕಂಡುಕೊಂಡರು. ಒಂದು ಲೋಟ ಕುಡಿದಾತ ‘ಎಲ್ಲ ಹಾಳಾಯಿತು’ ಎಂಬ ಅಪರಾಧಭಾವದಲ್ಲಿ ಮುಳುಗಿ ಕುಡಿಯುತ್ತಲೇ ಹೋಗುವುದನ್ನು ಗುರುತಿಸಿದ ಅವರು, ಕ್ಷಣಿಕ ಜಾರುವಿಕೆ ಬೇರೆ, ಪೂರ್ಣ ಮರುಕಳಿಕೆ ಬೇರೆ ಎಂದು ಬಿಡಿಸಿ ಹೇಳಿದರು.

ದೀರ್ಘಕಾಲದ ಕುಡಿತದಿಂದ ಮಿದುಳಿನ ಸುಖ ಮತ್ತು ಒತ್ತಡಗಳ ವ್ಯವಸ್ಥೆ ಬದಲಾಗುವುದು, ನಿದ್ರಾಹೀನತೆ, ಖಿನ್ನತೆ ಇವುಗಳೂ ಇಂದು ಅಪಾಯಾಂಶಗಳೆಂದು ಪರಿಗಣಿತವಾಗಿವೆ. ಬಯಕೆಯನ್ನು ತಗ್ಗಿಸುವ ನಾಲ್ಟ್ರೆಕ್ಸೋನ್ ಔಷಧಕ್ಕೆ ಅಮೆರಿಕದಲ್ಲಿ 1994ರಲ್ಲಿ ಮದ್ಯವ್ಯಸನದ ಚಿಕಿತ್ಸೆಗಾಗಿ ಅನುಮತಿ ದೊರೆಯಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವ್ಯಸನ ಚಿಕಿತ್ಸಾ ವಿಭಾಗ ಈ ಅರಿವನ್ನು ಕನ್ನಡ ನಾಡಿನ ರೋಗಿಗಳಿಗೂ ಅವರ ಕುಟುಂಬಗಳಿಗೂ ತಲುಪಿಸುತ್ತಿದೆ. ಮರುಕಳಿಸಿದವರನ್ನು ಜರೆದು ದೂರವಿಟ್ಟರೆ ಒಂಟಿತನವೂ ಅಪರಾಧಭಾವವೂ ಬೆಳೆದು ಅಪಾಯ ಇಮ್ಮಡಿಸುತ್ತದೆ ಎಂಬುದೇ ಈ ಇತಿಹಾಸದ ಸಾರ.