ಧಾತು–ಈಶ್ವರ ಸಂವತ್ಸರಗಳ ಬರವೂ ಜನಗಣತಿಯ ಸಾಕ್ಷ್ಯವೂ

ದಾಸೋಹದ ಮನೆಯಲ್ಲಿ ಪಂಕ್ತಿಗೆ ಬಂದವರ ಕುಲವನ್ನು ಕೇಳುವ ಪದ್ಧತಿಯಿಲ್ಲ. ಆದರೆ ಬಂದವರೆಷ್ಟು ಮಂದಿ ಎಂಬುದನ್ನು ತಿಳಿಯದೆ ಒಲೆ ಹೊತ್ತಿಸುವ ಪದ್ಧತಿಯೂ ಇಲ್ಲ. ಎಣಿಕೆಯು ಅನ್ನಕ್ಕಾಗಿಯೇ ಹೊರತು ಅಂತಸ್ತಿಗಾಗಿ ಅಲ್ಲ. ಈ ವಿವೇಕವನ್ನು ಮನಸ್ಸಿನಲ್ಲಿರಿಸಿಕೊಂಡು ನೋಡಿದರೆ, ಕಳೆದ ಶತಮಾನದ ಹಿಂದಿನ ಶತಮಾನದಲ್ಲಿ ಮೈಸೂರು ಸಂಸ್ಥಾನವು ಅನುಭವಿಸಿದ ಮಹಾಕ್ಷಾಮದ ಇತಿಹಾಸವು ಹೊಸದೊಂದು ಅರ್ಥವನ್ನು ಕೊಡುತ್ತದೆ.

1871ರ ನವೆಂಬರಿನಲ್ಲಿ ಮೈಸೂರು ಸಂಸ್ಥಾನದ ಮೊದಲ ಕ್ರಮಬದ್ಧ ಜನಗಣತಿ ನಡೆಯಿತು. ಆಗ ದೊರೆತ ಸಂಖ್ಯೆ 50,55,412. ತಲೆ ಎಣಿಸುವುದು ಹೊಸ ತೆರಿಗೆಯ ಪೀಠಿಕೆಯಿರಬೇಕೆಂಬ ಅನುಮಾನವು ಅಂದಿನ ಗಣತಿಗಳೊಡನೆ ಎಲ್ಲೆಡೆಯೂ ಹುಟ್ಟಿದಂಥದೇ. ಆ ಸಂಖ್ಯೆಯು ಮುಂದೆ ಏತಕ್ಕೆ ಸಾಕ್ಷಿಯಾಗಬೇಕಾಗಿದೆ ಎಂಬುದನ್ನು ಎಣಿಸಿದವರೂ ಅರಿಯರು, ಎಣಿಸಿಕೊಂಡವರೂ ಅರಿಯರು.

1875ರಲ್ಲಿ ಮಳೆ ಕಡಮೆಯಾಯಿತು. 1876ರಲ್ಲಿ ಸಂಪೂರ್ಣವಾಗಿ ಕೈಕೊಟ್ಟಿತು. ಧಾತು ಮತ್ತು ಈಶ್ವರ ಸಂವತ್ಸರಗಳು ಮೈದಾನ ಸೀಮೆಗೆ ಮೃತ್ಯುವತ್ಸರಗಳಾದುವು. ಕೋಲಾರ, ತುಮಕೂರು, ಚಿತ್ರದುರ್ಗದ ಕಡೆಗಳಲ್ಲಿ ಹಾನಿ ಅಪಾರ. ಮಲೆನಾಡಿಗೆ ತಟ್ಟಿದ ಬಿಸಿ ಅಷ್ಟಿಲ್ಲ. ಊರು ಬಿಟ್ಟು ಹೊರಟವರು ದಾರಿಯಲ್ಲಿ ಮಡಿದರೆ ಅವರ ಹೆಸರು ಯಾವ ಗ್ರಾಮದ ಲೆಕ್ಕಕ್ಕೂ ಸೇರುವಂತಿರಲಿಲ್ಲ. ಹೀಗೆ ಸತ್ತವರು ಎರಡು ಸಲ ಸತ್ತಂತಾಯಿತು: ಒಮ್ಮೆ ದೇಹದಿಂದ, ಮತ್ತೊಮ್ಮೆ ಕಡತದಿಂದ.

1881ರ ಫೆಬ್ರವರಿ 17ರ ರಾತ್ರಿ ಮತ್ತೆ ಗಣತಿ ನಡೆಯಿತು. ದೊರೆತ ಸಂಖ್ಯೆ 41,86,188. ಹತ್ತು ವರ್ಷಗಳಲ್ಲಿ 8,69,224 ಮಂದಿ ಕಡಮೆ. ಎಂದರೆ ನೂರಕ್ಕೆ ಹದಿನೇಳಕ್ಕಿಂತ ಹೆಚ್ಚು. ಈ ವ್ಯತ್ಯಾಸವನ್ನೇ ಮೃತರ ಸಂಖ್ಯೆಯೆಂದು ತಿಳಿಯಲಾಗದು. ಇದರಲ್ಲಿ ವಲಸೆ ಹೋದವರುಂಟು, ಹುಟ್ಟಬೇಕಾಗಿದ್ದು ಹುಟ್ಟದ ಶಿಶುಗಳುಂಟು. ಬರಕ್ಕೆ ಮುಂಚೆ ಆಗಿರಬಹುದಾದ ವೃದ್ಧಿಯೂ ಇದರೊಳಗೆ ಮುಚ್ಚಿಹೋಗಿದೆ. ಆದರೂ ಎರಡು ಗಣತಿಗಳನ್ನು ಎದುರುಬದುರಾಗಿ ಇಟ್ಟಾಗ, ಯಾವ ಅಧಿಕಾರಿಯ ವರದಿಯೂ ಮರೆಮಾಡಲಾಗದ ಸತ್ಯವೊಂದು ಎದ್ದು ನಿಲ್ಲುತ್ತದೆ.

ಲೆಕ್ಕವನ್ನು ಕರುಣೆಯೊಡನೆ ಓದಿದವರು ಅಂದೂ ಇದ್ದರು. ಮದರಾಸು ಪ್ರಾಂತದ 1871ರ ಗಣತಿಯ ವರದಿಯನ್ನು ಬರೆದ ಡಬ್ಲ್ಯು. ಆರ್. ಕಾರ್ನಿಷ್ ಎಂಬ ವೈದ್ಯರು ಆ ಪ್ರಾಂತದ ಆರೋಗ್ಯಾಧಿಕಾರಿಯೂ ಆಗಿದ್ದರು. 1877ರಲ್ಲಿ ಸರ್ ರಿಚರ್ಡ್ ಟೆಂಪಲ್ಲರು ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯ ಹಾಗೂ ಅಲ್ಪ ಹಣಕ್ಕೆ ಇಳಿಸಿದಾಗ, ಅಷ್ಟರಿಂದ ದುಡಿಯುವ ದೇಹವು ಉಳಿಯಲಾರದೆಂದು ಕಾರ್ನಿಷ್ ಪ್ರತಿಭಟಿಸಿದರು. ಮದರಾಸು ಸರ್ಕಾರವು ಆ ಪ್ರಮಾಣವನ್ನು ಹೆಚ್ಚಿಸಬೇಕಾಯಿತು. ಕಾಯಕಕ್ಕೆ ತಕ್ಕ ಆಹಾರವಿಲ್ಲದೆ ಕಾಯಕವನ್ನು ಮಾತ್ರ ಕೇಳುವುದು ಅಧರ್ಮವೆಂಬುದನ್ನು ಶರಣರ ಅನುಯಾಯಿಗಳಿಗೆ ಬೇರೆಯಾಗಿ ಹೇಳಬೇಕಾಗಿಲ್ಲ.

ಮೈಸೂರಿನ ಕ್ಷಾಮ ಪರಿಹಾರವನ್ನು ನಿರ್ವಹಿಸಿ ಅದರ ವರದಿಯನ್ನು ಬರೆದ ಸಿ. ಎ. ಎಲಿಯಟ್ ಮುಂದೆ ಭಾರತದ ಕ್ಷಾಮ ಆಯೋಗಕ್ಕೆ ಕಾರ್ಯದರ್ಶಿಯಾದರು. 1880ರಲ್ಲಿ ಆಯೋಗದ ವರದಿ ಹೊರಬಂದಿತು. ಅದರ ಬೆನ್ನಿಗೆ ಕ್ಷಾಮ ಸಂಹಿತೆಗಳು ರಚಿತವಾದುವು. ಹೀಗೆ ಮೈಸೂರಿನ ಸಂಕಟವು ಇಡೀ ದೇಶದ ಮುನ್ನೆಚ್ಚರಿಕೆಗೆ ಆಧಾರವಾದುವುಗಳಲ್ಲಿ ಒಂದಾಯಿತು. ಶತಮಾನ ಕಳೆದ ಮೇಲೆಯೂ ಆ ಕಾಲದ ಲೆಕ್ಕಗಳು ಮೌನವಾಗಲಿಲ್ಲ. ಟಿಮ್ ಡೈಸನ್ ಎಂಬ ವಿದ್ವಾಂಸರು 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಾರತದ ಕ್ಷಾಮಗಳಲ್ಲಿ ಮರಣವು ತುತ್ತತುದಿಗೇರಿದ್ದು ಬಹುಮಟ್ಟಿಗೆ ಮಳೆ ಮರಳಿ ಬಂದ ಮೇಲೆ ಎಂದು ತೋರಿಸಿದರು. ಹಸಿವಿನಿಂದ ಸೊರಗಿದ ಶರೀರಗಳನ್ನು ಮಲೇರಿಯಾ ಕೊಂಡೊಯ್ಯಿತು. ಮಳೆ ಬಂದಿತೆಂದು ಗಂಜಿಕೇಂದ್ರವನ್ನು ಮುಚ್ಚಬಾರದೆಂಬ ಪಾಠವು ಇದರೊಳಗಿದೆ.

ಇದೇ ಗಣತಿಗೆ ಇನ್ನೊಂದು ಮುಖವೂ ಉಂಟು. ಅದೇ ಪುಟಗಳಲ್ಲಿ ಜಾತಿಗಳ ಪಟ್ಟಿಗಳಿದ್ದುವು. ಆ ಪಟ್ಟಿಯಲ್ಲಿ ಯಾರು ಮೇಲು, ಯಾರು ಕೆಳಗೆ ಎಂಬ ವಾದಗಳು ದೇಶದ ಉದ್ದಗಲಕ್ಕೂ ಬೆಳೆದುವು. ವೀರಶೈವ ಸಮಾಜವೂ ಆ ವಾದದಿಂದ ಹೊರಗುಳಿಯಲಿಲ್ಲ. ಕುಲದ ಗರ್ವವನ್ನು ತೊರೆಯೆಂದ ಗುರುಹಿರಿಯರ ಮಕ್ಕಳು ಸರ್ಕಾರದ ಕಾಗದದಲ್ಲಿ ಕುಲದ ಸ್ಥಾನವನ್ನು ಅರಸಿದುದು ವಿಷಾದದ ಸಂಗತಿಯೇ ಸರಿ. ಉಣಿಸುವುದಕ್ಕೆಂದು ಎಣಿಸಿದುದು ಅಳೆಯುವುದಕ್ಕೆಂದು ತಿರುಗಿದ ಬಗೆಯಿದು.

ಸ್ವತಂತ್ರ ಭಾರತದ 1948ರ ಜನಗಣತಿ ಅಧಿನಿಯಮವು ಇಲ್ಲಿ ಒಂದು ಗಡಿಯನ್ನು ಹಾಕಿದೆ. ವ್ಯಕ್ತಿಯೊಬ್ಬನು ಗಣತಿಯಲ್ಲಿ ಕೊಟ್ಟ ವಿವರವನ್ನು ಪರರು ತೆರೆದು ನೋಡುವಂತಿಲ್ಲ. ಅದನ್ನು ನ್ಯಾಯಾಲಯದಲ್ಲಿ ಅವನ ವಿರುದ್ಧ ಸಾಕ್ಷ್ಯವಾಗಿಯೂ ತರುವಂತಿಲ್ಲ. ಸಮುದಾಯದ ಸತ್ಯವು ಬಯಲಿಗೆ ಬರಬೇಕು, ಒಬ್ಬೊಬ್ಬನ ಗುಟ್ಟು ಉಳಿಯಬೇಕು ಎಂಬುದೇ ಇದರ ತಾತ್ಪರ್ಯ. ಈ ನಂಬಿಕೆ ಮುರಿದರೆ ಜನರು ಸುಳ್ಳು ಹೇಳುವರು; ಸುಳ್ಳು ಲೆಕ್ಕದಿಂದ ಯಾರ ಹಸಿವೂ ತೀರದು.

2011ರ ಬಳಿಕ 2021ರಲ್ಲಿ ನಡೆಯಬೇಕಾಗಿದ್ದ ಜನಗಣತಿಯು ಆ ವರ್ಷ ನಡೆಯಲಿಲ್ಲ. ಮಹಾಮಾರಿಯು ನಾಡನ್ನು ನಡುಗಿಸಿದ ಕಾಲದಲ್ಲಿಯೇ ಎಣಿಕೆಯ ಸರಪಳಿ ಕಡಿಯಿತೆಂಬುದನ್ನು 1871 ಮತ್ತು 1881ರ ಅಂಕೆಗಳ ಪಕ್ಕದಲ್ಲಿಟ್ಟು ಯೋಚಿಸಬೇಕು. ಮುಂಚಿನ ಲೆಕ್ಕವೂ ತರುವಾಯದ ಲೆಕ್ಕವೂ ಇದ್ದುದರಿಂದಲೇ ಧಾತು–ಈಶ್ವರದ ಅನಾಮಿಕರು ಇತಿಹಾಸಕ್ಕೆ ದಕ್ಕಿದರು.

ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರು. ಲೆಕ್ಕದ ಶುದ್ಧಿಯೂ ಭಕ್ತಿಯ ಶುದ್ಧಿಯೂ ಅವರಲ್ಲಿ ಬೇರೆಬೇರೆಯಾಗಿರಲಿಲ್ಲ. ಮನುಷ್ಯರನ್ನು ಎಣಿಸುವ ಕೈಗೆ ಆ ಶುದ್ಧಿಯಿದ್ದಲ್ಲಿ ಅಂಕೆಯೂ ದಾಸೋಹಕ್ಕೆ ಸಲ್ಲುತ್ತದೆ.