ಶೂನ್ಯ ಟಿಕೆಟ್ ಮತ್ತು ಸ್ವಾವಲಂಬನೆಯ ಅಳತೆ: ಬೌದ್ಧಿಕ ಅಂಗವೈಕಲ್ಯವುಳ್ಳ ವಿದ್ಯಾರ್ಥಿಗಳ ಬಸ್ ಪ್ರಯಾಣ ಕುರಿತು ಒಂದು ಮರುಪರಿಶೀಲನೆ

ಬೌದ್ಧಿಕ ಅಂಗವೈಕಲ್ಯವುಳ್ಳ ವಿದ್ಯಾರ್ಥಿಗಳಿಗೆ ಶಾಲೆಯಲ್ಲಿ ಕಲಿಸುವುದು ಶಾಲೆ ಬಿಟ್ಟ ಮೇಲಿನ ಬದುಕಿಗೆ ಒದಗಬೇಕು ಎಂಬುದರಲ್ಲಿ ಈಗ ಭಿನ್ನಮತವಿಲ್ಲ. ವಯಸ್ಕರಾದಾಗ ಎಲ್ಲಿ ಬಾಳಬೇಕೋ ಅಲ್ಲಿ ಬೇಕಾಗುವುದೇ ಪಾಠದ ಅಳತೆಗೋಲಾಗಬೇಕೆಂದು 1976ರಲ್ಲಿ ಅಮೆರಿಕದ ಲೂ ಬ್ರೌನ್ ಮತ್ತು ಸಂಗಡಿಗರು ವಾದಿಸಿದರು. 1984ರಲ್ಲಿ ಮ್ಯಾಡಲೀನ್ ವಿಲ್ ಶಾಲೆಯಿಂದ ಉದ್ಯೋಗಕ್ಕೆ ಸೇತುವೆ ಕಟ್ಟಬೇಕೆಂದರು. ಉದ್ಯೋಗವೊಂದೇ ಸಾಲದು, ವಾಸದ ನೆಲೆಯೂ ಜನರ ಒಡನಾಟವೂ ಸೇರಬೇಕೆಂದು ಮರುವರ್ಷವೇ ಆಂಡ್ರ್ಯೂ ಹಾಲ್ಪರ್ನ್ ಅದನ್ನು ವಿಸ್ತರಿಸಿದರು. ಗುರಿಯ ಬಗ್ಗೆ ಇಷ್ಟು ಒಮ್ಮತವಿದೆ. ಗುರಿ ಮುಟ್ಟಿದ್ದನ್ನು ಅಳೆಯುವುದು ಹೇಗೆ ಎಂಬಲ್ಲಿ ತಕರಾರು ಉಳಿದಿದೆ. ಈ ಲೇಖನದ ವಿಷಯ ಅದು.

ಭಾರತದ ವಿಶೇಷ ಶಾಲೆಗಳಲ್ಲಿ ಎರಡು ಪರಿಶೀಲನಾಪಟ್ಟಿಗಳು ಬಹುಕಾಲ ಬಳಕೆಯಲ್ಲಿವೆ. ಮೊದಲನೆಯದು ಜಯಚಂದ್ರನ್ ಮತ್ತು ವಿಮಲಾ ಚೆನ್ನೈನಲ್ಲಿ ರೂಪಿಸಿದ ಎಂಡಿಪಿಎಸ್ (ಮದ್ರಾಸ್ ಡೆವಲಪ್‌ಮೆಂಟಲ್ ಪ್ರೋಗ್ರಾಮಿಂಗ್ ಸಿಸ್ಟಮ್). ಅದರಲ್ಲಿ 18 ವಿಭಾಗಗಳು, ಪ್ರತಿ ವಿಭಾಗಕ್ಕೆ 20ರಂತೆ ಒಟ್ಟು 360 ಅಂಶಗಳು. ಪ್ರತಿ ವಿಭಾಗವೂ ಪರಾವಲಂಬನೆಯಿಂದ ಸ್ವಾವಲಂಬನೆಯತ್ತ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ವಿದ್ಯಾರ್ಥಿ ಮಾಡುತ್ತಾರೆ ಅಥವಾ ಮಾಡುವುದಿಲ್ಲ ಎಂಬ ಎರಡೇ ಗುರುತು. ಎರಡನೆಯದು ಸಿಕಂದರಾಬಾದಿನಲ್ಲಿರುವ ಬೌದ್ಧಿಕ ಅಂಗವೈಕಲ್ಯ ಕುರಿತ ರಾಷ್ಟ್ರೀಯ ಸಂಸ್ಥೆಯ ಎಫ್‌ಎಸಿಪಿ (ಫಂಕ್ಷನಲ್ ಅಸೆಸ್‌ಮೆಂಟ್ ಚೆಕ್‌ಲಿಸ್ಟ್ ಫಾರ್ ಪ್ರೋಗ್ರಾಮಿಂಗ್). ಇದು ಆ ಎರಡು ಗುರುತುಗಳ ನಡುವಿನ ಜಾಗವನ್ನು ತೆರೆಯಿತು. ಮಾತಿನ ಸೂಚನೆ ಕೊಟ್ಟರೆ ಮಾಡುತ್ತಾರೆಯೇ, ಕೈ ಹಿಡಿದು ಮಾಡಿಸಬೇಕೇ ಎಂಬುದಕ್ಕೆ ಇಲ್ಲಿ ಬೇರೆ ಬೇರೆ ಗುರುತುಗಳಿವೆ. ‘ಈ ಕೆಲಸದ ಅವಕಾಶವೇ ಸಿಕ್ಕಿಲ್ಲ’ ಎಂಬುದಕ್ಕೂ ಪ್ರತ್ಯೇಕ ಗುರುತಿದೆ.

ನಮ್ಮ ಶಿಕ್ಷಕರಿಗೆ ಕೈಗೆಟುಕುವ ಸಾಧನ ಕೊಟ್ಟ ಈ ಎರಡೂ ಕೃತಿಗಳ ಋಣ ದೊಡ್ಡದು. ಆದರೆ ಎರಡರಲ್ಲೂ ಒಂದು ಗ್ರಹಿಕೆ ಸಮಾನವಾಗಿದೆ. ನೆರವು ಕಡಿಮೆಯಾದಂತೆ ಸ್ವಾವಲಂಬನೆ ಹೆಚ್ಚುತ್ತದೆ, ಮತ್ತು ಆ ಹೆಚ್ಚಳ ವಿದ್ಯಾರ್ಥಿಯೊಳಗೆ ಆಗುತ್ತದೆ ಎಂಬುದೇ ಆ ಗ್ರಹಿಕೆ. ನನ್ನ ಭಿನ್ನಾಭಿಪ್ರಾಯ ಇರುವುದು ಇದರ ಎರಡನೆಯ ಭಾಗದಲ್ಲಿ. ಅದನ್ನು ಪರೀಕ್ಷಿಸಲು ಕರ್ನಾಟಕವೇ ಇತ್ತೀಚೆಗೆ ಒಂದು ಸಂದರ್ಭ ಒದಗಿಸಿದೆ.

ಆ ಸಂದರ್ಭ ಸರ್ಕಾರಿ ಬಸ್ಸಿನದು. ಮೊದಲು ಬಸ್ ಪ್ರಯಾಣವನ್ನು ಹಂತಗಳಾಗಿ ಬಿಡಿಸೋಣ: ರಸ್ತೆ ದಾಟಿ ಸ್ಟಾಪಿಗೆ ಬರುವುದು, ತನ್ನ ಬಸ್ಸಿನ ಬೋರ್ಡು ಗುರುತಿಸುವುದು, ಕೈ ತೋರಿಸಿ ನಿಲ್ಲಿಸುವುದು, ಹತ್ತಿ ಕಂಬಿ ಹಿಡಿಯುವುದು, ಕಂಡಕ್ಟರಿಗೆ ಇಳಿಯುವ ಜಾಗ ಹೇಳುವುದು, ಹಣ ಕೊಡುವುದು, ಚಿಲ್ಲರೆ ಎಣಿಸಿ ತೆಗೆದುಕೊಳ್ಳುವುದು, ಟಿಕೆಟ್ ಜೋಪಾನ ಮಾಡುವುದು, ತನ್ನ ಸ್ಟಾಪ್ ಬಂದಾಗ ಇಳಿಯುವುದು. ಇವುಗಳಲ್ಲಿ ಹಣದ ಎರಡು ಹಂತಗಳೇ ಅತಿ ಕಠಿಣವೆಂದು ಹೇಳಲು ಕಾರಣವಿದೆ. ತರಗತಿಯಲ್ಲಿ ನೋಟು ಗುರುತಿಸಿ ಕೂಡಿ ಕಳೆದದ್ದು ಇಲ್ಲಿ ಸಾಲುವುದಿಲ್ಲ. ಚಿಲ್ಲರೆ ಇಲ್ಲದಿದ್ದರೆ ಕಂಡಕ್ಟರ್ ಬಾಕಿಯನ್ನು ಟಿಕೆಟ್ಟಿನ ಹಿಂದೆ ಬರೆದುಕೊಡುತ್ತಾರೆ. ಅದನ್ನು ನೆನಪಿಟ್ಟುಕೊಂಡು, ನೂಕುನುಗ್ಗಲಿನ ನಡುವೆ, ಇಳಿಯುವ ಮೊದಲು ಕೇಳಿ ಪಡೆಯಬೇಕು. ಇದಕ್ಕೆ ಲೆಕ್ಕಕ್ಕಿಂತ ಹೆಚ್ಚಾಗಿ ಬೇಕಾದದ್ದು ತನ್ನ ಪಾಲಿನದನ್ನು ಕೇಳುವ ಧೈರ್ಯ.

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂತು. ರಾಜ್ಯದ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಶೂನ್ಯ ಟಿಕೆಟ್ ಸಿಗತೊಡಗಿತು. 17 ವರ್ಷದ ಒಬ್ಬ ವಿದ್ಯಾರ್ಥಿನಿ ಉಳಿದ ಹಂತಗಳನ್ನೆಲ್ಲ ಕಲಿತು ಹಣದ ಹಂತಗಳಲ್ಲಿ ಮಾತ್ರ ನಿಂತಿದ್ದಳು ಎಂದಿಟ್ಟುಕೊಳ್ಳೋಣ. ಜೂನ್ 10ರಂದು ಅವಳಿಗೆ ‘ಒಬ್ಬಳೇ ಬಸ್ಸಿನಲ್ಲಿ ಹೋಗುವುದಿಲ್ಲ’ ಎಂಬ ಗುರುತು. ಮರುದಿನ ಆ ಎರಡು ಹಂತಗಳ ಜಾಗದಲ್ಲಿ ಗುರುತಿನ ಚೀಟಿ ತೋರಿಸುವ ಒಂದೇ ಹಂತ. ಅದನ್ನು ಕಲಿತ ಮೇಲೆ ಗುರುತು ಬದಲಾಗಬೇಕು. ಆದರೆ ಲೆಕ್ಕದಲ್ಲಿ ಅವಳು ನಿನ್ನೆ ಎಲ್ಲಿದ್ದಳೋ ಇಂದೂ ಅಲ್ಲೇ ಇದ್ದಾಳೆ. ಅಷ್ಟೇ ತಿಳಿದ, ಅದೇ ವಯಸ್ಸಿನ ಹುಡುಗ ಟಿಕೆಟ್ ಕೊಳ್ಳಲೇಬೇಕಾದ್ದರಿಂದ ಹಳೆಯ ಗುರುತಿನಲ್ಲೇ ಉಳಿಯುತ್ತಾನೆ.

ಆದ್ದರಿಂದ ನನ್ನ ಪ್ರತಿಪಾದನೆ ಇದು: ಪಟ್ಟಿಯಲ್ಲಿ ನಾವು ವಿದ್ಯಾರ್ಥಿಯ ಸಾಮರ್ಥ್ಯವೆಂದು ಬರೆದುಕೊಳ್ಳುವುದು ವಿದ್ಯಾರ್ಥಿ ಮತ್ತು ವ್ಯವಸ್ಥೆ ಇಬ್ಬರೂ ಸೇರಿ ಪಡೆದ ಫಲಿತಾಂಶ. ಹಾಗಿರುವಾಗ ಗುರುತಿನ ಪಕ್ಕದಲ್ಲಿ ‘ಯಾವ ಏರ್ಪಾಟಿನಲ್ಲಿ’ ಎಂಬುದನ್ನೂ ಬರೆಯದ ಅಳತೆ ಅಪೂರ್ಣ.

ಈ ಮಾತಿಗೆ ಕೆಲವು ಎಲ್ಲೆಗಳನ್ನು ಹಾಕಲೇಬೇಕು. ಮೊದಲನೆಯದಾಗಿ, ಇದು ಕ್ಷೇತ್ರಕಾರ್ಯದಿಂದ ಬಂದ ಅಂಕಿಅಂಶವಲ್ಲ, ಹಂತಗಳ ವಿಂಗಡಣೆಯಿಂದ ತೆಗೆದ ತರ್ಕ. ಎರಡನೆಯದಾಗಿ, ಶಕ್ತಿ ಯೋಜನೆಗೆ ಮೊದಲೂ ಅಂಗವಿಕಲರ ರಿಯಾಯಿತಿ ಪಾಸ್ ಇತ್ತು. ಪಾಸ್ ಪಡೆದವರ ಮಟ್ಟಿಗೆ ಈ ಬದಲಾವಣೆ ಅಷ್ಟು ತೀವ್ರವಲ್ಲ. ಆದರೂ ಆ ಪಾಸ್ ಕೂಡ ಒಂದು ಏರ್ಪಾಟೇ ಆದ್ದರಿಂದ ವಾದ ಸಡಿಲವಾಗುವುದಿಲ್ಲ. ಮೂರನೆಯದಾಗಿ, ಎಲ್ಲ ಹಂತಗಳನ್ನೂ ಹೀಗೆ ತೆಗೆದುಹಾಕಲು ಬರುವುದಿಲ್ಲ. ರಸ್ತೆ ದಾಟುವುದು, ಮೈಮುಟ್ಟುವ ಅಪರಿಚಿತನಿಗೆ ‘ಬೇಡ’ ಎನ್ನುವುದು, ದಾರಿ ತಪ್ಪಿದರೆ ಸಹಾಯ ಕೇಳುವುದು ವಿದ್ಯಾರ್ಥಿಯಲ್ಲೇ ಬೇರೂರಬೇಕಾದ ಕಲಿಕೆಗಳು. ಇಲ್ಲಿ ಹಳೆಯ ಗ್ರಹಿಕೆಯೇ ಸರಿ.

ಇದಕ್ಕಿಂತ ಗಟ್ಟಿಯಾದ ಒಂದು ಆಕ್ಷೇಪಣೆ ಉಂಟು: ಯೋಜನೆ ಇಂದು ಇರುತ್ತದೆ, ನಾಳೆ ನಿಲ್ಲಬಹುದು, ಕಲಿತ ವಿದ್ಯೆ ಉಳಿಯುತ್ತದೆ, ಆದ್ದರಿಂದ ಹಣದ ಪಾಠ ಬಿಡಬಾರದು. ಬಿಡಬಾರದೆಂಬುದನ್ನು ಒಪ್ಪುತ್ತೇನೆ. ಆದರೆ ಕಲಿತದ್ದು ತಾನಾಗಿಯೇ ಹೊಸ ಜಾಗಕ್ಕೆ ಹರಿಯುತ್ತದೆ ಎಂಬ ನಂಬಿಕೆಯನ್ನು ಸ್ಟೋಕ್ಸ್ ಮತ್ತು ಬೇರ್ 1977ರಲ್ಲೇ ಪ್ರಶ್ನಿಸಿದ್ದಾರೆ. ತರಬೇತಿ ಕೊಟ್ಟು ಫಲಕ್ಕಾಗಿ ಕಾಯುತ್ತ ಕೂರುವ ಪದ್ಧತಿಯ ದೌರ್ಬಲ್ಯವನ್ನು ಅವರು ತೋರಿಸಿದರು. ಹಣ ಎಣಿಸಲು ಬರುವವರೆಗೆ ಬಸ್ ಹತ್ತಿಸದಿದ್ದರೆ ರಸ್ತೆ, ಬೋರ್ಡು, ಜನಸಂದಣಿ ಇವುಗಳ ಕಲಿಕೆಯೂ ಹಿಂದೆ ಬೀಳುತ್ತದೆ. ಬಸ್ ಹತ್ತಿಸಿ ಹಣದ ಪಾಠವನ್ನು ಜೊತೆಯಲ್ಲೇ ನಡೆಸಿದರೆ ಎರಡೂ ಉಳಿಯುತ್ತವೆ. ಎಫ್‌ಎಸಿಪಿಯ ‘ಅವಕಾಶ ಸಿಕ್ಕಿಲ್ಲ’ ಎಂಬ ಗುರುತಿಗೆ ಇಲ್ಲಿ ವಿಶೇಷ ಬೆಲೆ ಬರುತ್ತದೆ. ಆ ಗುರುತು ಬಿದ್ದ ಕಡೆಯೆಲ್ಲ ಉತ್ತರ ಕೊಡಬೇಕಾದವರು ಶಾಲೆ, ಮನೆ ಮತ್ತು ಬೀದಿ, ಮಗುವಲ್ಲ.

ಕಾನೂನು ಈ ದಿಕ್ಕಿನಲ್ಲಿ ಆಗಲೇ ಹೆಜ್ಜೆ ಇಟ್ಟಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 14ನೆಯ ಸೆಕ್ಷನ್ ಸೀಮಿತ ಪೋಷಕತ್ವವನ್ನು ಪರಸ್ಪರ ನಂಬಿಕೆಯ ಮೇಲೆ ನಿಂತ ಜಂಟಿ ನಿರ್ಧಾರವೆಂದು ವಿವರಿಸುತ್ತದೆ. ನೆರವು ಪಡೆದು ನಿರ್ಧರಿಸಿದವರೂ ನಿರ್ಧರಿಸಿದವರೇ ಎಂಬುದು ಇದರ ಇಂಗಿತ. ‘ನಾವು ಹೋದ ಮೇಲೆ ಇವರ ಗತಿಯೇನು’ ಎಂದು ಕೇಳುವ ತಂದೆತಾಯಿಗೆ ಶಾಲೆ ಕೊಡಬಹುದಾದ ಪ್ರಾಮಾಣಿಕ ಉತ್ತರವೂ ಇದೇ ಬಗೆಯದು: ಇಷ್ಟನ್ನು ಇವರು ಮಾಡುತ್ತಾರೆ, ಇಷ್ಟಕ್ಕೆ ಈ ಏರ್ಪಾಟು ಇರಬೇಕು.

ಬಗೆಹರಿಯದ ಪ್ರಶ್ನೆಗಳು ಉಳಿದಿವೆ. ಅದೇ ಕಾಯ್ದೆಯ 31ನೆಯ ಸೆಕ್ಷನ್ ಉಚಿತ ಶಿಕ್ಷಣದ ಹಕ್ಕನ್ನು 6ರಿಂದ 18 ವರ್ಷದವರೆಗೆ ಹೇಳುತ್ತದೆ. ಆ ನಂತರ ಏರ್ಪಾಟುಗಳ ದಾಖಲೆಯನ್ನು ಕಾಯುವವರು ಯಾರು? ಸರ್ಕಾರಿ ಬಸ್ಸು ಅಪರೂಪವಾದ ಊರುಗಳಲ್ಲಿ ಈ ವಾದ ಎಷ್ಟು ನಿಲ್ಲುತ್ತದೆ? ಕ್ಯೂಆರ್ ಕೋಡ್ ಬಂದ ಅಂಗಡಿಯಲ್ಲಿ ಹಣದ ಹಂತಗಳು ಕಡಿಮೆಯಾದುವೇ, ಅಥವಾ ಮೋಸದ ಭಯವೆಂಬ ಹೊಸ ಹಂತ ಸೇರಿತೇ? ಇವುಗಳಿಗೆ ತರ್ಕದಿಂದ ಉತ್ತರ ಸಿಗದು. ವಿದ್ಯಾರ್ಥಿಗಳ ಜೊತೆ ಬಸ್ ಹತ್ತಿ, ಹಂತ ಹಂತವಾಗಿ ಬರೆದುಕೊಂಡು ಬರುವ ಅಧ್ಯಯನಗಳು ಬೇಕು.